ರೈಲುಗಾಡಿಯ ಬಣ್ಣ

ರೈಲುಗಾಡಿಗೆ ಬಣ್ಣ ಬಳಿಯುವುದು ಏತಕ್ಕೆ? ಈ ಪ್ರಶ್ನೆಯನ್ನು ತಮ್ಮ ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ಕಬ್ಬಿಣ ತುಕ್ಕು ಹಿಡಿಯದಿರಲೆಂದು, ಎನ್ನುತ್ತಾರೆ ದೊಡ್ಡವರು. ಅಂದವಾಗಿ ಕಾಣಲೆಂದು, ಎನ್ನುತ್ತಾರೆ ಮಕ್ಕಳು. ಎರಡೂ ನಿಜವೇ. ಆದರೆ ಮೂರನೆಯ ಉತ್ತರವೊಂದುಂಟು. ಗಾಡಿ ಯಾರದು, ಯಾವ ಕಾಲದ್ದು, ಅದರೊಳಗಿನ ಯಂತ್ರ ಎಂಥದು ಎಂಬುದನ್ನು ಬಣ್ಣವೇ ಹೇಳುತ್ತದೆ. ಓದಬಲ್ಲವರಿಗೆ ಅದೊಂದು ಶಾಸನವಿದ್ದಂತೆ. ನಂದಿಯ ಗುಡಿಯ ಕಲ್ಲಿನ ಮೇಲೆ ಬರೆದದ್ದು ನೂರಾರು ವರ್ಷ ಉಳಿದಿದೆ. ಬಣ್ಣದಲ್ಲಿ ಬರೆದದ್ದು ಮುಂದಿನ ಸಲ ಕುಂಚ ಬಿದ್ದೊಡನೆ ಅಳಿಸಿಹೋಗುತ್ತದೆ.

ನಾವೆಲ್ಲ ಕಂಡಿರುವ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ನಮ್ಮ ದೇಶದ ಪ್ಯಾಸೆಂಜರ್ ಗಾಡಿಗಳು ಬಹುಕಾಲ ಕಡುಗೆಂಪಾಗಿದ್ದವು. 1990ರ ದಶಕದಲ್ಲಿ ನೀಲಿ ಡಬ್ಬಿಗಳು ಬರತೊಡಗಿದವು. ಯಾರೋ ಅಧಿಕಾರಿಗೆ ನೀಲಿ ಇಷ್ಟವಾಗಿರಬೇಕು ಎಂದುಕೊಂಡವರು ಹಲವರು. ಸಂಗತಿ ಬೇರೆ. ಹಳೆಯ ಡಬ್ಬಿಗಳದು ನಿರ್ವಾತದಿಂದ ಹಿಡಿಯುವ ಬ್ರೇಕು. ಹೊಸವುಗಳದು ಗಾಳಿಯ ಒತ್ತಡದಿಂದ ಹಿಡಿಯುವ ಬ್ರೇಕು. ಒಂದನ್ನು ಇನ್ನೊಂದಕ್ಕೆ ಸುಮ್ಮನೆ ಜೋಡಿಸುವಂತಿಲ್ಲ. ಯಾರ್ಡಿನಲ್ಲಿ ಕೆಲಸ ಮಾಡುವವನಿಗೆ ದೂರದಿಂದಲೇ ಗೊತ್ತಾಗಬೇಕು. ಆದ್ದರಿಂದ ಗಾಳಿ ಬ್ರೇಕಿಗೆ ನೀಲಿ ಗುರುತಾಯಿತು. ಬಣ್ಣ ಎಂಬುದು ಬರಿಯ ಅಲಂಕಾರವಲ್ಲ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಸೀಮೆಯ ಹಳಿಗಳ ಕಡೆ ನೋಡೋಣ. ಗೌರಿಬಿದನೂರಿಗೆ ರೈಲು ಮೊದಲು ಬಂದದ್ದು 1890ರ ದಶಕದಲ್ಲಿ, ಬೆಂಗಳೂರಿನಿಂದ ದೊಡ್ಡಬಳ್ಳಾಪುರದ ಮೇಲೆ ಹಿಂದೂಪುರಕ್ಕೆ ಹೋಗುವ ಮೀಟರ್ ಗೇಜ್ ದಾರಿಯಲ್ಲಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳು ಇನ್ನೂ ಎರಡು ದಶಕ ಕಾಯಬೇಕಾಯಿತು. ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಕಿರುಹಳಿ ಬಿತ್ತು. ಅತ್ತ ಯಲಹಂಕದಿಂದ ದೇವನಹಳ್ಳಿ, ನಂದಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಇನ್ನೊಂದು ಬಂತು. ಮರುವರ್ಷ ಕೋಲಾರದ ಹಳಿ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನು ದಾಟಿ ಚಿಕ್ಕಬಳ್ಳಾಪುರ ಮುಟ್ಟಿತು. ಆಗ ಮೈಸೂರಿನ ದಿವಾನರಾಗಿದ್ದವರು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲೇ ಹುಟ್ಟಿದ ವಿಶ್ವೇಶ್ವರಯ್ಯನವರು.

ಈ ಕಿರುಹಳಿಯ ಅಗಲ 2 ಅಡಿ 6 ಅಂಗುಲ. ಅಗಲ ಹಳಿಯ ಅಳತೆ 5 ಅಡಿ 6 ಅಂಗುಲ. ಅದರ ಅರ್ಧಕ್ಕೂ ಕಡಿಮೆ ಎಂದಾಯಿತು. ಸುಮಾರು 150 ಕಿಲೋಮೀಟರ್ ದಾರಿ. ಒಂದು ತುದಿಯಲ್ಲಿ, ಯಲಹಂಕದಲ್ಲಿ, ಮೀಟರ್ ಗೇಜ್. ಇನ್ನೊಂದು ತುದಿಯಲ್ಲಿ, ಬಂಗಾರಪೇಟೆಯಲ್ಲಿ, ಬ್ರಾಡ್ ಗೇಜ್. ಎರಡೂ ಕಡೆ ಮೂಟೆಗಳನ್ನು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಕೂಲಿ ಹೆಚ್ಚು, ಹೊತ್ತು ಹೆಚ್ಚು. ಅಗ್ಗವಾಗಿ ಹಾಕಿದ ಹಳಿ ಕೊನೆಗೆ ದುಬಾರಿಯಾದದ್ದು ಹೀಗೆ.

ಹಳಿ ಅದೇ ಇದ್ದರೂ ಒಡೆತನ ಬದಲಾಗುತ್ತ ಬಂತು. ಯಲಹಂಕದ ಕಡೆಯದು ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂದೂ ಕೋಲಾರದ ಕಡೆಯದು ಕೋಲಾರ ಡಿಸ್ಟ್ರಿಕ್ಟ್ ರೈಲ್ವೆ ಎಂದೂ ಹೆಸರು ಪಡೆದಿದ್ದವು. ಆಮೇಲೆ ಮೈಸೂರು ಸಂಸ್ಥಾನದ ರೈಲ್ವೆ. 1951ರ ಏಪ್ರಿಲ್ 14ರಂದು ಆ ರೈಲ್ವೆಯೂ ಮದರಾಸಿನ ಎರಡು ದೊಡ್ಡ ರೈಲ್ವೆಗಳೂ ಕೂಡಿ ದಕ್ಷಿಣ ರೈಲ್ವೆಯಾಯಿತು. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿ ಮಾಡಿಕೊಂಡು ನೈಋತ್ಯ ರೈಲ್ವೆ ಹುಟ್ಟಿತು. ಇಷ್ಟು ಒಡೆಯರು ಬದಲಾದ ಗಾಡಿಯ ಮೈಮೇಲೆ ಎಷ್ಟು ಬಣ್ಣಗಳು ಬಂದು ಹೋಗಿರಬೇಕು, ಯೋಚಿಸಿ.

ಕಿರುಹಳಿಗೆ ನಿಜವಾದ ಪೆಟ್ಟು ಬಿದ್ದದ್ದು ಬಸ್ಸಿನಿಂದ. ಸರ್ಕಾರಿ ಬಸ್ಸು, ಖಾಸಗಿ ಬಸ್ಸು ಎರಡೂ ಊರ ಬಾಗಿಲಿಗೇ ಬಂದವು. ರೈಲು ನಿಧಾನವಾಗಿ ಬಂದು ಊರಾಚೆ ನಿಲ್ಲುತ್ತಿತ್ತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ರೇಷ್ಮೆಗೂಡು ತರುವ ರೈತ ಕಾದು ಕೂರುವಂತಿಲ್ಲ. ಗೂಡಿನೊಳಗಿನ ಹುಳು ಕಾಯುವುದಿಲ್ಲ, ಚಿಟ್ಟೆಯಾಗಿ ಹೊರಗೆ ಬಂದುಬಿಡುತ್ತದೆ. ಹೀಗೆ ಜನ ಬಸ್ಸು ಹತ್ತಿದರು.

ಇದೇ ಕಷ್ಟ ರೈಲಿನ ತವರಾದ ಬ್ರಿಟನ್ನಿಗೂ ಬಂದಿತ್ತು. ಅಲ್ಲಿನವರು ಕಂಡುಕೊಂಡ ಉಪಾಯ ಕುತೂಹಲದ್ದು. ಬಸ್ಸು ನಮ್ಮನ್ನು ಸೋಲಿಸುತ್ತಿದ್ದರೆ ಬಸ್ಸಿನ ಎಂಜಿನ್ನನ್ನೇ ನಾವೂ ಹಾಕಿಕೊಳ್ಳೋಣ ಎಂದರು. 1954ರಲ್ಲಿ ಡರ್ಬಿಯ ಕಾರ್ಖಾನೆಯಲ್ಲಿ ತಯಾರಾದ ಹಗುರವಾದ ಡೀಸೆಲ್ ಗಾಡಿಗಳು ಯಾರ್ಕ್‌ಷೈರಿನ ಉಣ್ಣೆಯ ಪಟ್ಟಣಗಳ ನಡುವೆ ಓಡತೊಡಗಿದವು. ಮುಂದಿನ ವರ್ಷಗಳಲ್ಲಿ ಅಂಥವು ಸಾವಿರಾರು ಬಂದವು. ಎಂಜಿನ್ ಬೇರೆ, ಡಬ್ಬಿ ಬೇರೆ ಎಂದಿಲ್ಲ. ಬಸ್ಸುಗಳನ್ನು ಕಟ್ಟುತ್ತಿದ್ದ ಎ.ಇ.ಸಿ., ಲೇಲ್ಯಾಂಡ್ ಕಂಪನಿಗಳ 150 ಅಶ್ವಶಕ್ತಿಯ ಎಂಜಿನ್ನುಗಳು ನೆಲಹಾಸಿನ ಅಡಿಯಲ್ಲೇ ಕೂತಿದ್ದವು. ಲೇಲ್ಯಾಂಡ್ ಎಂಬ ಹೆಸರು ನಮಗೆ ಹೊಸದಲ್ಲ. ನಮ್ಮ ಊರ ಬಸ್ಸುಗಳ ಮೂತಿಯ ಮೇಲೆ ಅದನ್ನು ಓದಿಯೇ ಎರಡು ತಲೆಮಾರು ಬೆಳೆದಿದೆ.

ಆ ಗಾಡಿಗಳನ್ನು ಅಲ್ಲಿನ ಜನ ಇಂದಿಗೂ ಪ್ರೀತಿಯಿಂದ ನೆನೆಯುವುದಕ್ಕೆ ಒಂದು ಸಣ್ಣ ಕಾರಣವಿದೆ. ಚಾಲಕನ ಬೆನ್ನ ಹಿಂದೆ ಗಾಜಿನ ಗೋಡೆ. ಮುಂದಿನ ಬೆಂಚಿನಲ್ಲಿ ಕೂತ ಹುಡುಗನಿಗೆ ಅವನ ಕೈಚಳಕವೂ ಕಾಣುತ್ತಿತ್ತು, ಎದುರಿಗೆ ಬಿಚ್ಚಿಕೊಳ್ಳುವ ಹಳಿಯೂ ಕಾಣುತ್ತಿತ್ತು. ಉಗಿಬಂಡಿಯಲ್ಲಿ ಆ ಭಾಗ್ಯವಿರಲಿಲ್ಲ. ಆ ಹುಡುಗರೇ ದೊಡ್ಡವರಾಗಿ ಗಾಡಿಯ ಬಣ್ಣಗಳನ್ನು ಒಂದೊಂದಾಗಿ ಹೇಳಬಲ್ಲರು. ಮೊದಲು ಹಸಿರು, ಮೂತಿಯ ಮೇಲೆ ಬೆಕ್ಕಿನ ಮೀಸೆಯ ಹಾಗೆ ಕೆನೆಬಣ್ಣದ ಗೆರೆಗಳು. 1960ರ ದಶಕದ ಆರಂಭದಲ್ಲಿ ಮೀಸೆ ಹೋಗಿ ಹಳದಿಯ ಚೌಕ ಬಂತು. ಏಕೆಂದರೆ ಉಗಿಬಂಡಿಯಂತೆ ಡೀಸೆಲ್ ಗಾಡಿ ದೂರದಿಂದ ಸದ್ದುಮಾಡುತ್ತ, ಹೊಗೆಯುಗುಳುತ್ತ ಬರುವುದಿಲ್ಲ. ಹಳಿಯ ಮೇಲೆ ಕೆಲಸ ಮಾಡುವ ಗ್ಯಾಂಗ್‌ಮನ್ನನಿಗೆ ಅದು ಬರುತ್ತಿರುವುದು ಕಣ್ಣಿಗೆ ಬೀಳಬೇಕು. 1965ರ ನಂತರ ದೇಶದ ಗಾಡಿಗಳಿಗೆಲ್ಲ ಒಂದೇ ನೀಲಿ. 1970ರ ದಶಕದಲ್ಲಿ ರಿಪೇರಿಯಾಗಿ ಬಂದ ಗಾಡಿಗಳಿಗೆ ಬಿಳಿ ಬಳಿದು ನೀಲಿ ಪಟ್ಟಿ ಕಟ್ಟಿದರು. ಡೀಸೆಲ್ ಮಸಿಗೆ ಬಿಳಿ ನಿಲ್ಲಲಿಲ್ಲ, ಕೊನೆಗೆ ನೀಲಿ–ಬೂದು ಬಂತು.

ಡೀಸೆಲ್ ಗಾಡಿ ಬಂದರೂ ಸಣ್ಣ ದಾರಿಗಳೆಲ್ಲ ಉಳಿಯಲಿಲ್ಲ. 1963ರ ಬೀಚಿಂಗ್ ವರದಿ ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಬೇಕೆಂದಿತು. ಬಹುಪಾಲು ಮುಚ್ಚಿಯೂ ಹೋದವು. ಉಳಿದ ಸಣ್ಣ ದಾರಿಗಳಿಗಾಗಿ 1980ರ ದಶಕದಲ್ಲಿ ಲೇಲ್ಯಾಂಡ್ ಬಸ್ಸಿನ ಮೈಯನ್ನೇ ರೈಲಿನ ಚಕ್ರದ ಮೇಲೆ ಕೂರಿಸಿ ‘ಪೇಸರ್’ ಎಂಬ ಗಾಡಿಗಳನ್ನು ಬಿಟ್ಟರು. ಅವು ಕುಲುಕುತ್ತಿದ್ದವು, ತಿರುವಿನಲ್ಲಿ ಕಿರುಚುತ್ತಿದ್ದವು. ಜನ ಬೈದುಕೊಂಡೇ ಹತ್ತುತ್ತಿದ್ದರು. 2021ರ ಹೊತ್ತಿಗೆ ಅವು ಕೆಲಸ ಬಿಟ್ಟವು. ಆಗ ಬೈದವರೇ ಅವನ್ನು ಉಳಿಸಿಕೊಳ್ಳಲು ಮುಂದೆ ಬಂದರು. ಹಲವು ಗಾಡಿಗಳು ಹವ್ಯಾಸಿಗಳು ನಡೆಸುವ ದಾರಿಗಳಿಗೆ ಹೋದವು. ಆಸ್ಪತ್ರೆ, ಶಾಲೆಗಳಿಗೂ ಒಂದೊಂದನ್ನು ಕೊಟ್ಟರು.

ಈಗ ನಮ್ಮೂರಿಗೆ ಮರಳೋಣ. ನಮ್ಮಲ್ಲಿಯೂ ಹಳಿಯ ಮೇಲೆ ಬಸ್ಸು ಓಡಿತ್ತು! 1990ರ ದಶಕದಲ್ಲಿ ಕಿರುಹಳಿಯನ್ನು ಕಿತ್ತು ಅಗಲ ಹಳಿ ಹಾಕುವ ಕೆಲಸ ನಡೆಯಿತು. ಎರಡು ತುದಿಗಳು ಮೊದಲು ಸಿದ್ಧವಾದವು: ಯಲಹಂಕದಿಂದ ಚಿಕ್ಕಬಳ್ಳಾಪುರ, ಬಂಗಾರಪೇಟೆಯಿಂದ ಕೋಲಾರ. ಬಂಗಾರಪೇಟೆ–ಕೋಲಾರದ 18 ಕಿಲೋಮೀಟರಿಗೆ ದೊಡ್ಡ ಗಾಡಿಯ ಅಗತ್ಯ ಕಾಣಲಿಲ್ಲ. ಅಲ್ಲಿ ಓಡಿದ್ದು ನಮ್ಮದೇ ಬಿ.ಇ.ಎಂ.ಎಲ್. ತಯಾರಿಸಿದ ಒಂಟಿ ಡಬ್ಬಿಯ ಡೀಸೆಲ್ ರೈಲ್‌ಬಸ್. ಪೇಸರಿನ ದಾಯಾದಿ ಎನ್ನಬಹುದು. ನಡುವಿನ ಚಿಂತಾಮಣಿ, ಶಿಡ್ಲಘಟ್ಟಗಳಿಗೆ ಮಾತ್ರ ವರ್ಷಾನುಗಟ್ಟಲೆ ರೈಲೇ ಇಲ್ಲ. ಒಂದು ತಲೆಮಾರಿನ ಮಕ್ಕಳು ಖಾಲಿ ನಿಲ್ದಾಣ ನೋಡಿಕೊಂಡೇ ಬೆಳೆದರು. 2013ರ ನವೆಂಬರಿನಲ್ಲಿ ಕೋಲಾರ–ಚಿಕ್ಕಬಳ್ಳಾಪುರದ ಅಗಲ ಹಳಿ ತೆರೆಯಿತು. ಎಂಜಿನ್ನನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ ಡೆಮು ಗಾಡಿ ಬಂತು. ಅಲ್ಲಿಂದ ಹತ್ತು ವರ್ಷದೊಳಗೆ ಮೇಲೆ ವಿದ್ಯುತ್ ತಂತಿಯೂ ಬಂತು. 2023ರ ಡಿಸೆಂಬರಿನಿಂದ ಚಿಕ್ಕಬಳ್ಳಾಪುರಕ್ಕೆ ವಿದ್ಯುತ್ತಿನ ಮೆಮು ಬರುತ್ತಿದೆ. ಉಗಿಬಂಡಿ ಹೋದಂತೆ ಡೀಸೆಲ್ ಗಾಡಿಯೂ ಹೋಗುವ ಕಾಲ ಇದು.

ಹೋಗುವುದನ್ನು ತಡೆಯಬೇಕೆಂದು ನಾನು ಹೇಳುತ್ತಿಲ್ಲ. ಕರೆಂಟಿನ ಗಾಡಿ ಹೊಗೆಯುಗುಳುವುದಿಲ್ಲ, ಬೇಗ ಹೋಗುತ್ತದೆ, ಬರಲಿ. ನನ್ನ ಕಳವಳ ಬೇರೆ. ಬ್ರಿಟನ್ನಿನಲ್ಲಿ ಇಯಾನ್ ಅಲನ್ ಎಂಬ ಯುವಕ, ಅಲ್ಲಿನ ಒಂದು ರೈಲ್ವೆ ಕಚೇರಿಯ ಗುಮಾಸ್ತ, 1942ರಲ್ಲಿ ಎಂಜಿನ್ನುಗಳ ನಂಬರುಗಳನ್ನು ಪಟ್ಟಿಮಾಡಿ ಪುಟ್ಟ ಪುಸ್ತಕ ಅಚ್ಚುಹಾಕಿದ. ಸಾವಿರಾರು ಹುಡುಗರು ಪೆನ್ಸಿಲ್ ಹಿಡಿದು ನಿಲ್ದಾಣಗಳಲ್ಲಿ ನಿಂತರು. 1951ರಲ್ಲಿ ವೇಲ್ಸಿನ ತಾಲಿಲಿನ್ ಎಂಬ ಕಿರುಹಳಿಯನ್ನು ಹವ್ಯಾಸಿಗಳೇ ವಹಿಸಿಕೊಂಡು ನಡೆಸತೊಡಗಿದರು. ನಮ್ಮ ಹಳಿಗಿಂತಲೂ 3 ಅಂಗುಲ ಕಿರಿದು ಅದು. ಹಳೆಯ ಡಬ್ಬಿ ಸಿಕ್ಕಿದರೆ ಅವರು ಒಂದು ಮೂಲೆಯನ್ನು ಮೆಲ್ಲಗೆ ಉಜ್ಜಿ ನೋಡುತ್ತಾರೆ. ಬೂದು, ಅದರಡಿ ನೀಲಿ, ಅದರಡಿ ಹಸಿರು: ಪದರ ಪದರವಾಗಿ ಚರಿತ್ರೆ ಹೊರಬೀಳುತ್ತದೆ.

ನಮ್ಮಲ್ಲಿ ಏನೂ ಉಳಿದಿಲ್ಲವೆಂದಲ್ಲ. ಮೈಸೂರಿನಲ್ಲಿ 1979ರಿಂದ ರೈಲು ವಸ್ತುಸಂಗ್ರಹಾಲಯವಿದೆ. ಮಹಾರಾಣಿಯವರ ಸಲೂನು ಅಲ್ಲಿದೆ, ರಸ್ತೆಯ ಕಾರಾಗಿದ್ದು ಹಳಿಗೆ ಇಳಿದ ಆಸ್ಟಿನ್ ಗಾಡಿಯೂ ಇದೆ. ನಂದಿ ಹಾಲ್ಟ್ ಮೊದಲಾದ ಹಂಚಿನ ಮಾಡಿನ ನಿಲ್ದಾಣಗಳನ್ನು ಇಂಟ್ಯಾಕ್ ಸಂಸ್ಥೆ ದುರಸ್ತಿಗೆ ಎತ್ತಿಕೊಂಡಿತು. ಕಟ್ಟಡಕ್ಕೆ ಒಂದು ದಾರಿಯಾಯಿತು. ಆದರೆ ಅವುಗಳ ಮುಂದೆ ಬಂದು ನಿಲ್ಲುತ್ತಿದ್ದ ಗಾಡಿ? ಆ ಕಾಲದ ಫೋಟೋ ಯಾರ ಮನೆಯಲ್ಲಾದರೂ ಇದ್ದರೆ ಹೆಚ್ಚಾಗಿ ಅದು ಕಪ್ಪು–ಬಿಳಿಯದು. ಗಾಡಿಯ ಆಕಾರ ಅದರಲ್ಲಿ ಸಿಕ್ಕುತ್ತದೆ, ಬಣ್ಣ ಸಿಕ್ಕುವುದಿಲ್ಲ. ಬಣ್ಣ ಉಳಿದಿರುವುದು ಕಂಡವರ ಕಣ್ಣಿನಲ್ಲಿ ಮಾತ್ರ.

ಕಿರುಹಳಿಯ ಗಾಡಿಯಲ್ಲಿ ಶಾಲೆಗೆ ಹೋದವರು, ಸಂತೆಗೆ ಹೋದವರು, ಮದುವೆಯ ದಿಬ್ಬಣದಲ್ಲಿ ಹೋದವರು ಇನ್ನೂ ನಮ್ಮ ನಡುವೆ ಇದ್ದಾರೆ. ರೈಲ್‌ಬಸ್ಸಿನಲ್ಲಿ ಕೂತವರಂತೂ ಇನ್ನೂ ಹೆಚ್ಚು. ತಮ್ಮ ಮನೆಯ ಅಜ್ಜಿಯನ್ನೋ ತಾತನನ್ನೋ ಸಂಜೆ ರೇಡಿಯೋ ಆರಿಸಿದ ಮೇಲೆ ಕೇಳಿ: ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಟಿಕೆಟು ಎಷ್ಟಿತ್ತು? ಬೆಂಚು ಮರದ್ದೋ? ಗಾಡಿಯ ಹೊರಮೈ ಯಾವ ಬಣ್ಣ, ಕಿಟಕಿಯ ಕೆಳಗೆ ಪಟ್ಟಿ ಇತ್ತೇ? ಅಕ್ಷರ ಕನ್ನಡದಲ್ಲಿತ್ತೇ, ಇಂಗ್ಲಿಷಿನಲ್ಲೇ? ಅವರು ಹೇಳಿದ್ದನ್ನು ಫೋಟೋದ ಬೆನ್ನ ಮೇಲೆ, ಫೋಟೋ ಇಲ್ಲದಿದ್ದರೆ ಒಂದು ನೋಟುಬುಕ್ಕಿನಲ್ಲಿ, ವರ್ಷ ಹಾಕಿ ಬರೆದಿಡಿ. ಇಬ್ಬರು ಎರಡು ಬಣ್ಣ ಹೇಳಿದರೆ ಗಾಬರಿ ಬೇಡ, ಎರಡನ್ನೂ ಬರೆಯಿರಿ; ಇಬ್ಬರೂ ಬೇರೆ ಬೇರೆ ವರ್ಷದಲ್ಲಿ ಗಾಡಿ ಹತ್ತಿದವರಿರಬಹುದು.