ಮನೆ ಮುಂದಿನ ಹೊಂಗೆ ಮರ

ಶಿವರಾತ್ರಿ ಕಳೀತು ಅಂದ್ರೆ ನಮ್ಮ ಮನೆ ಮುಂದಿನ ಹೊಂಗೆ ಮರ ಎಲೆ ಉದುರಿಸೋಕೆ ಶುರು ಮಾಡ್ತದೆ. ಬೆಳಗ್ಗೆ ಕಸ ಗುಡಿಸಿ, ನೀರು ಹಾಕಿ, ರಂಗೋಲಿ ಬಿಟ್ಟು ತಿರುಗೋ ಹೊತ್ತಿಗೆ ಮತ್ತೆ ಹತ್ತೆಲೆ ಬಿದ್ದಿರ್ತವೆ. ಈ ಸಲ ಪಕ್ಕದ ಮನೆಯವರು ಬಂದು, "ಅಕ್ಕಾ, ಈ ಮರ ತೆಗೆಸಿಬುಡೋಣ. ಕಾರು ನಿಲ್ಲಿಸೋಕೆ ಜಾಗ ಆಗ್ತದೆ, ನಿಮಗೂ ಗುಡಿಸೋ ಕಾಟ ತಪ್ತದೆ" ಅಂದ್ರು. ಸುಳ್ಳು ಯಾಕೆ ಹೇಳಲಿ, ಸೊಂಟ ನೋವಿನಾಗೆ ಒಂದು ಗಳಿಗೆ ನನಗೂ ಹೌದಲ್ವಾ ಅನ್ನಿಸ್ತು. ನಾಳೆ ಹೇಳ್ತೀನಿ ಅಂತ ಕಳಿಸಿದೆ.

ಆವತ್ತು ರಾತ್ರಿ ಮಲ್ಲೇಶ್ವರದ ಚಿಕ್ಕಮ್ಮನ ಮನೆ ನೆನಪಾಯ್ತು. ಬೇಸಿಗೆ ರಜಕ್ಕೆ ದೇವನಹಳ್ಳಿಯಿಂದ ನಾವೆಲ್ಲ ಅಲ್ಲಿಗೇ ಹೋಗ್ತಿದ್ವಿ. ಮುಂದೆ ಜಗುಲಿ, ಹಿಂದೆ ಹಿತ್ತಲು, ಹಿತ್ತಲಾಗೆ ತೆಂಗು, ಮಾವು. ಒಂದು ಬೀದಿಗೆ ಸಂಪಿಗೆ ಹೆಸರು, ಇನ್ನೊಂದಕ್ಕೆ ಬೇವಿನ ಹೆಸರು. ಮಾರ್ಗೋಸಾ ಅಂದ್ರೆ ಬೇವು ಅಂತ ನನಗೆ ಗೊತ್ತಾಗಿದ್ದು ಪಿಯುಸಿಗೆ ಬಂದ ಮೇಲೆ!

ಆ ನೆರಳು ಸುಮ್ಮನೆ ಬಂದಿದ್ದಲ್ಲ. 1898ರಾಗೆ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆ ಒಳಗೆ ಗೋಡೆಗೆ ಗೋಡೆ ಅಂಟಿದ ಮನೆಗಳು, ಗಾಳಿ ಇಲ್ಲ, ಬೆಳಕಿಲ್ಲ. ಜನ ಬೀಗ ಹಾಕಿ ಹೊಲ ತೋಟದಾಗೆ ಗುಡಿಸಲು ಹಾಕ್ಕಂಡ್ರು. ನಮ್ಮ ಕಡೆ ಹಳ್ಳಿಗಳಾಗೂ ಹಂಗೇ ಊರು ಬಿಡ್ತಿದ್ರು ಅಂತ ಅಜ್ಜಿ ಹೇಳ್ತಿದ್ದರು. ಬೀದಿ ಬೀದಿಗೆ ಪ್ಲೇಗಮ್ಮನ ಗುಡಿ ಎದ್ದಿದ್ದು ಆ ಭಯಕ್ಕೇ. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ತುಂಬಿಕೊಂಡಿದ್ದೂ ಆ ಭಯದಿಂದಲೇ. ನೇರ ಬೀದಿ, ಮನೆ ಸುತ್ತ ಜಾಗ, ಹಿತ್ತಲ ಹಿಂದೆ ಒಂದು ಗಲ್ಲಿ. ನಮಗೆ ಅದು ಕಣ್ಣಾಮುಚ್ಚಾಲೆ ಆಡೋ ಜಾಗ. ಆದರೆ ಆ ಗಲ್ಲಿ ಬಿಟ್ಟಿದ್ದು ಮಲ ಹೊರೋರು ಮುಂಬಾಗಿಲಿಗೆ ಬರಬಾರದು ಅಂತ. ಬಸವನಗುಡಿಯಾಗೆ ಸೈಟು ಹಂಚಿದ್ದೂ ಜಾತಿ ನೋಡಿಯೇ. ನೆರಳಿನ ಮಾತು ಆಡುವಾಗ ಇದನ್ನೂ ಹೇಳಬೇಕು ಕಣಮ್ಮ.

ಮರದ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. 1908ರಾಗೆ ಲಾಲ್‌ಬಾಗಿಗೆ ಜರ್ಮನಿಯ ಕ್ರುಂಬಿಗಲ್ ಬಂದರು. ಒಂದು ಮರದ ಹೂವು ಮುಗಿಯೋ ಹೊತ್ತಿಗೆ ಇನ್ನೊಂದು ಅರಳಬೇಕು, ಊರಾಗೆ ವರ್ಷವೆಲ್ಲ ಹೂವಿರಬೇಕು ಅಂತ ಲೆಕ್ಕ ಹಾಕಿ ಬೀದಿಗೆ ಗಿಡ ಆರಿಸಿದರು. ಅತ್ತೆ ಮನೆ ಹೂವಿನ ಕುಂಡಕ್ಕೂ ಅಷ್ಟು ಲೆಕ್ಕ ಯಾರೂ ಹಾಕಲ್ಲ. 1980ರ ದಶಕದಾಗೆ ಅರಣ್ಯಾಧಿಕಾರಿ ಸೇತುರಾಮ್ ನೇಗಿನಹಾಳ ಅವರು ಐದು ವರ್ಷದಾಗೆ ಸುಮಾರು 15 ಲಕ್ಷ ಗಿಡ ನೆಡಿಸಿದರು. ಇವತ್ತು ನಾವು ಬೆಂಗಳೂರಾಗೆ ಬಸ್ಸು ಕಾಯ್ತಾ ನಿಲ್ಲೋ ನೆರಳು ಎಷ್ಟೋ ಕಡೆ ಅವರದ್ದು.

ಇದೆಲ್ಲ ಪಟ್ಟಣದೋರ ಬುದ್ಧಿ ಅಂದ್ಕೋಬೇಡಿ. ನಮ್ಮ ಕಡೆ ಊರೂರಿಗೂ ಗುಂಡುತೋಪು ಇತ್ತು. ದನ ಮಲಗೋಕೆ, ದಾರಿಹೋಕರು ಬುತ್ತಿ ಬಿಚ್ಚೋಕೆ. ನಮ್ಮ ತಾಲ್ಲೂಕಿನ ನಲ್ಲೂರು ಹುಣಸೆ ತೋಪು ನೋಡಿದ್ದೀರಲ್ಲ? ಹೆಚ್ಚುಕಮ್ಮಿ 54 ಎಕರೆ, ಮುನ್ನೂರರ ಹತ್ತಿರ ಮರ. ಚೋಳರ ಕಾಲದ್ದು ಅಂತ ಊರೋರು ಹೇಳ್ತಾರೆ. 2007ರಾಗೆ ಅದನ್ನ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು, ಇಡೀ ದೇಶಕ್ಕೇ ಮೊದಲನೇದು. ಮಾರನೇ ವರ್ಷ ಏರ್‌ಪೋರ್ಟು ಶುರುವಾಯ್ತು. ಆಮೇಲೆ ದ್ರಾಕ್ಷಿ ತೋಟ, ಚಕ್ಕೋತದ ತೋಟ ಎಷ್ಟೋ ಸೈಟಾದವು. ನಮ್ಮ ಲೇಔಟಿನ ಹೆಸರಲ್ಲಿ "ಗ್ರೀನ್" ಐತೆ. ನಾವು ಬಂದಾಗ ಇದ್ದಿದ್ದು ಕೆಂಪು ಮಣ್ಣು, ಕಲ್ಲು ಕಂಬ ಅಷ್ಟೇ. ಈ ಹೊಂಗೆಯನ್ನ ನಮ್ಮ ಯಜಮಾನರು ನೆಟ್ಟು, ಮುಳ್ಳು ಕಟ್ಟಿ, ಎರಡು ಬೇಸಿಗೆ ನಾನು ಪಾತ್ರೆ ತೊಳೆದ ನೀರು ಹುಯ್ದೆ.

ಮಾರನೇ ದಿನ ಪಕ್ಕದ ಮನೆಯವರಿಗೆ ಹೇಳಿದೆ: ಬೀದಿ ಮರ ಕಡಿಯೋಕೆ ಅಪ್ಪಣೆ ಬೇಕು, ಅಪ್ಪಣೆ ಸಿಕ್ಕಿದ್ರೂ ನಾನು ಒಪ್ಪಲ್ಲ. ನಿಮ್ಮ ಬಾಗಿಲ ಎಲೇನೂ ನಾನೇ ಗುಡಿಸ್ತೀನಿ ಅಂದೆ. ಈಗ ಎಲ್ಲಾ ಎಲೆ ಹಿತ್ತಲ ಗುಂಡಿಗೆ ಹಾಕ್ತಿದ್ದೀನಿ, ಮಳೆಗಾಲಕ್ಕೆ ಚಕ್ಕೋತದ ಬುಡಕ್ಕೆ ಗೊಬ್ಬರ ಆಗ್ತದೆ.

ಯುಗಾದಿ ಹೊತ್ತಿಗೆ ಮರ ಪೂರಾ ಚಿಗುರಿತು. ಅವರು ಇನ್ನೂ ಮುಖ ಕೊಟ್ಟು ಮಾತಾಡಿಲ್ಲ. ಆದರೆ ಹನ್ನೊಂದು ಗಂಟೆ ಬಿಸಿಲಿಗೆ ಅವರ ಕಾರು ಮಾತ್ರ ನಮ್ಮ ಹೊಂಗೆ ಕೆಳಗೇ ಬಂದು ನಿಲ್ತದೆ.