ರೋಮನ್ ಗಡಿಗಳ ಕೊನೆಗಾಲ: ಸಾಮಾಜಿಕ ಪರಿವರ್ತನೆಯ ಪುರಾತತ್ತ್ವ

ಪಶ್ಚಿಮ ರೋಮನ್ ಸಾಮ್ರಾಜ್ಯದ ಗಡಿಪಡೆಗಳು 4-5ನೆಯ ಶತಮಾನಗಳಲ್ಲಿ ಸ್ಥಳೀಯ ಸಮುದಾಯಗಳಾಗಿ ಮಾರ್ಪಟ್ಟ ಬಗೆಯನ್ನು ಉತ್ಖನನದಿಂದ ಅರಿಯುವ ಅಧ್ಯಯನ. ಕೋಟೆಗಳೆಲ್ಲ ಒಮ್ಮೆಗೇ ಬರಿದಾದವೆಂಬ ಹಳೆಯ ಗ್ರಹಿಕೆ ಉತ್ತರ ಬ್ರಿಟನ್ನಿನ ಮಟ್ಟಿಗಾದರೂ ಈಗ ನಿಲ್ಲುವುದಿಲ್ಲ.

ಹಿನ್ನೆಲೆ: ಗಡಿಸೈನಿಕರಿಗೆ ಲಿಮಿಟಾನೈ ಎಂದು ಹೆಸರು. ಇವರ ಸಂಬಳದ ದೊಡ್ಡ ಪಾಲು ಧಾನ್ಯ, ಬಟ್ಟೆಗಳ ರೂಪದಲ್ಲಿ ಬರುತ್ತಿತ್ತು. ಸೈನಿಕನ ಮಗ ಸೈನ್ಯ ಸೇರಲೇಬೇಕೆಂಬ ಕಾನೂನಿತ್ತು. 402ರ ಸುಮಾರಿಗೆ ಬ್ರಿಟನ್ನಿಗೆ ಹೊಸ ನಾಣ್ಯಗಳ ದೊಡ್ಡ ರವಾನೆ ನಿಂತಿತು. 407ರಲ್ಲಿ, ಬ್ರಿಟನ್ನಿನ ಸೈನಿಕರು ಸಾಮ್ರಾಟನೆಂದು ಸಾರಿದ್ದ ಮೂರನೆಯ ಕಾನ್‌ಸ್ಟಂಟೈನ್ ಅಲ್ಲಿನ ಸೇನೆಯೊಂದಿಗೆ ಗಾಲ್‌ಗೆ ದಾಟಿದ.

ಬರ್ಡೋಸ್ವಾಲ್ಡ್‌ನ ಕಣಜಗಳು: ಉತ್ತರ ಬ್ರಿಟನ್ನಿನ ಗಡಿಯಾದ ಹೇಡ್ರಿಯನ್ ಗೋಡೆಯ ಈ ಕೋಟೆಯಲ್ಲಿ ಟೋನಿ ವಿಲ್ಮಾಟ್ 1987ರಿಂದ 1992ರವರೆಗೆ ನಡೆಸಿದ ಉತ್ಖನನ ಇಡೀ ಚರ್ಚೆಯ ದಿಕ್ಕು ಬದಲಿಸಿತು. 3ನೆಯ ಶತಮಾನದ ಆರಂಭದಲ್ಲಿ ಇಲ್ಲಿ ಅಕ್ಕಪಕ್ಕ ಎರಡು ಕಲ್ಲಿನ ಕಣಜಗಳು ಎದ್ದಿದ್ದವು. ಧಾನ್ಯಕ್ಕೆ ತೇವ ತಾಗದಂತೆ ನೆಲವನ್ನು ಎತ್ತರಿಸಿ, ಅಡಿಯಲ್ಲಿ ಗಾಳಿಗೆ ದಾರಿ ಬಿಟ್ಟಿದ್ದರು. 4ನೆಯ ಶತಮಾನದ ಮಧ್ಯಭಾಗದ ನಂತರ ದಕ್ಷಿಣದ ಕಣಜದಲ್ಲಿ ಆ ಪೊಳ್ಳನ್ನು ಮಣ್ಣು ತುಂಬಿ ಮುಚ್ಚಿ ಹೊಸ ನೆಲ ಹಾಸಿದರು. ಗಾಳಿ ಬೇಡವಾಯಿತೆಂದರೆ ಕಾಳು ಅಲ್ಲಿರಲಿಲ್ಲ. ಮುಂದೆ ಅದರ ಒಂದು ತುದಿಯಲ್ಲಿ ಒಲೆ ಉರಿಯಿತು. ಒಲೆಯ ಬಳಿ ಸಿಕ್ಕದ್ದು ಚಿನ್ನದ ಓಲೆ, ಗಾಜಿನ ಉಂಗುರ, ಸಾಮ್ರಾಟ ಥಿಯೊಡೋಸಿಯಸನ ಕಾಲದ ಸವೆದ ನಾಣ್ಯ. ಉಗ್ರಾಣ ಒಡ್ಡೋಲಗದ ಮನೆಯಾಯಿತು ಎಂಬುದು ವಿಲ್ಮಾಟ್‌ರ ಓದು. ಸಾಕ್ಷ್ಯ ಅಷ್ಟನ್ನು ಹೊರಬಲ್ಲದು ಎನ್ನಿಸುತ್ತದೆ.

ಉತ್ತರದ ಕಣಜ ಕುಸಿದು, ಕಲ್ಲು ಕಿತ್ತುಹೋಗಿ, ತಿಪ್ಪೆಯಾಯಿತು. ಅದರ ಮೇಲೆ ಮೊದಲೊಂದು ಮರದ ಕಟ್ಟಡ. ಅದೂ ಹೋದಮೇಲೆ ಇನ್ನೂ ದೊಡ್ಡದೊಂದು, ಕೋಟೆಯ ಬೀದಿಯನ್ನು ಅಷ್ಟಿಷ್ಟು ಆಕ್ರಮಿಸಿ, ಪಶ್ಚಿಮದ ಹೆಬ್ಬಾಗಿಲಿನ ನೇರಕ್ಕೆ. ಬಾಗಿಲು ದಾಟಿದವನ ಕಣ್ಣಿಗೆ ಮೊದಲು ಬೀಳುವಂತೆ ಕಟ್ಟಿಸಿದವನಿಗೆ ದೂರದ ಸಾಮ್ರಾಟನ ಹಂಗು ಇದ್ದಿರಲಾರದು. ಪಡೆಯ ಅಧಿಕಾರಿಯ ಸ್ಥಾನ ಕ್ರಮೇಣ ಊರ ನಾಯಕನ ಸ್ಥಾನವಾಗಿ, ಸರ್ಕಾರದ ಪಡಿಯ ಬದಲು ಸುತ್ತಲ ರೈತರ ಕಾಣಿಕೆ ಬಂದಿರಬಹುದು. ಈ ನೆಲೆ ಸುಮಾರು 520ರವರೆಗೆ ಬಾಳಿತೆಂಬುದು ಮರದ ಕಟ್ಟಡಗಳ ಆಯುಸ್ಸನ್ನು ಲೆಕ್ಕಹಾಕಿ ಹೇಳಿದ ಅಂದಾಜು, ಅಷ್ಟೇ. ನಾಣ್ಯ ನಿಂತಮೇಲೆ ಕಾಲನಿರ್ಣಯದ ಆಸರೆಯೂ ತಪ್ಪುತ್ತದೆ. ಕಂಬಗಳು ಚಪ್ಪಡಿಯ ಮೇಲೆ ನಿಂತಲ್ಲಿ ಗುಂಡಿಯ ಗುರುತೂ ಇರುವುದಿಲ್ಲ. ರೋಮನ್ ಗೋಡೆ ಹುಡುಕುವ ಆತುರದಲ್ಲಿ ಹಿಂದಿನ ಉತ್ಖನನಕಾರರು ಇತರ ಕೋಟೆಗಳಲ್ಲಿ ಇಂಥ ಪದರಗಳನ್ನು ಅಗೆದು ಬಿಸಾಡಿರುವ ಸಂಭವವಿದೆ.

ಇತರ ಗಡಿಗಳು: ಡ್ಯಾನ್ಯೂಬ್ ತೀರಕ್ಕೆ ಲಿಖಿತ ಸಾಕ್ಷ್ಯವೂ ಉಂಟು. ಸಂತ ಸೆವೆರಿನಸ್‌ನ ಚರಿತ್ರೆಯನ್ನು 511ರ ಸುಮಾರಿಗೆ ಬರೆದ ಯುಗಿಪ್ಪಿಯಸ್, ಇಂದಿನ ಪಸ್ಸಾವ್‌ನಲ್ಲಿದ್ದ ಪಡೆಯ ಕೆಲವರು ಕೊನೆಯ ಸಂಬಳ ತರಲು ಇಟಲಿಗೆ ಹೊರಟು ದಾರಿಯಲ್ಲೇ ಹತರಾದರೆಂದೂ, ಸುದ್ದಿಗೆ ಮುಂಚೆ ಹೊಳೆ ಅವರ ಹೆಣಗಳನ್ನು ತಂದಿತೆಂದೂ ಹೇಳುತ್ತಾನೆ.