ಲಾವಕ್ಕಿಯ ವಂಶಕಥೆ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಲಾವಕ್ಕಿಗಳ ಕಾಳಗವೂ ಒಂದು ರಾಜವಿನೋದ. ತರಗತಿಯಲ್ಲಿ ವರ್ಷ ವರ್ಷವೂ ಇದನ್ನು ಹೇಳುತ್ತ ಬಂದ ನಾನು ಲಾವಕ್ಕಿಯನ್ನು ಹತ್ತಿರದಿಂದ ಕಂಡದ್ದು ನನ್ನ ಸೋದರಳಿಯನ ಕೊಟ್ಟಿಗೆಯಲ್ಲಿ. ಅವನದು ಮೊಟ್ಟೆಗಾಗಿ ಸಾಕಿದ ನೂರಾರು ಹಕ್ಕಿಗಳ ಹಿಂಡು. ಆ ವರ್ಷ ಮರಿಗಳು ಒಂದೇ ಸಮನೆ ಸಾಯುತ್ತಿದ್ದವು.

“ಮಾವ, ನಾಲ್ಕು ವರ್ಷದಿಂದ ಹೊರಗಿನ ಒಂದು ಹಕ್ಕಿಯನ್ನೂ ಸೇರಿಸಿಲ್ಲ. ನಮ್ಮವರಲ್ಲೇ ದಪ್ಪನೆಯವನ್ನು ಆರಿಸಿ ಮರಿಮಾಡಿಸುತ್ತೇನೆ. ಆದರೂ ಹೀಗೇಕೆ?” ಎಂದ.

ಉತ್ತರದ ಒಂದು ಪಾಲು ಅವನ ಪ್ರಶ್ನೆಯಲ್ಲೇ ಇತ್ತು. ಅದು ತಿಳಿಯಬೇಕಾದರೆ ಈ ಹಕ್ಕಿಯ ಚರಿತ್ರೆಯನ್ನು ನೋಡಬೇಕು.

ಇದು ಜಪಾನಿನ ಲಾವಕ್ಕಿ. ಅಲ್ಲಿ ಇದನ್ನು ಶತಮಾನಗಳ ಕಾಲ ಸಾಕಿದ್ದು ಕೂಗಿನ ಇಂಪಿಗಾಗಿ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೊಟ್ಟೆಗಾಗಿ ತಳಿ ಆರಿಸುವುದು ಮೊದಲಾಯಿತು. ಎರಡನೆಯ ಮಹಾಯುದ್ಧದಲ್ಲಿ ಈ ಹಿಂಡುಗಳು ಬಹುಮಟ್ಟಿಗೆ ಅಳಿದವು. ಹಾಡಿನ ತಳಿಗಳಂತೂ ಇಲ್ಲವಾದವು. ಯುದ್ಧಾನಂತರ ಉಳಿದ ಕೆಲವೇ ಹಕ್ಕಿಗಳಿಂದ ಸಾಕಣೆ ಮತ್ತೆ ತಲೆಯೆತ್ತಿತು.

ಅಲ್ಲಿಂದಾಚೆಗೆ ವಿಜ್ಞಾನಿಗಳೂ ಇದನ್ನು ಕೈಗೆತ್ತಿಕೊಂಡರು. ಒಡಹುಟ್ಟಿದವುಗಳನ್ನೇ ಜೋಡಿಮಾಡಿದರೆ ಏನಾಗುವುದೆಂದು ಸಿಟ್‌ಮನ್, ಆಬ್‌ಪ್ಲಾನಾಲ್ಪ್, ಫ್ರೇಸರ್ ಎಂಬವರು ೧೯೬೬ರಲ್ಲಿ ತೋರಿಸಿದರು. ಮರಿಯಾಗುವ ಮೊಟ್ಟೆಗಳು ಕಡಿಮೆಯಾದವು, ಬದುಕುವ ಮರಿಗಳೂ ಕಡಿಮೆಯಾದವು. ಇಳುವರಿ, ಆಯುಸ್ಸು ಎರಡೂ ಒಟ್ಟಿಗೇ ಕುಸಿದವು.

ರೋಗವನ್ನು ಎದುರಿಸುವ ಶಕ್ತಿಯೂ ಹುಟ್ಟಿನಿಂದ ಬರುವುದುಂಟು. ರಾಣಿಖೇತ್ ರೋಗಕ್ಕೆ, ಎಂದರೆ ನಮ್ಮ ರೈತರ ಕೊಕ್ಕರೆ ರೋಗಕ್ಕೆ, ರಕ್ತದಲ್ಲಿ ಹೆಚ್ಚು ಪ್ರತಿಕಾಯ ಹುಟ್ಟಿಸುವ ಲಾವಕ್ಕಿಗಳನ್ನೂ ಕಡಿಮೆ ಹುಟ್ಟಿಸುವವನ್ನೂ ಆರಿಸಿ ಎರಡು ಬೇರೆ ವಂಶ ಬೆಳೆಸಿದ ಪ್ರಯೋಗವನ್ನು ಜಪಾನಿನ ಸಂಶೋಧಕರು ೧೯೮೪ರಲ್ಲಿ ಪ್ರಕಟಿಸಿದರು. ರೋಗಾಣುವನ್ನು ಗುರುತಿಸುವ ವಂಶವಾಹಿಗಳು ಹಲವು ಬಗೆಯವಾಗಿದ್ದಷ್ಟೂ ಹಿಂಡಿಗೆ ಕ್ಷೇಮ. ರಕ್ತಸಂಬಂಧದಲ್ಲೇ ಕೂಡಿಕೆಯಾದರೆ ಆ ವೈವಿಧ್ಯ ಸವೆಯುತ್ತದೆ.

ಭಾರತಕ್ಕೆ ಈ ಹಕ್ಕಿ ಬಂದದ್ದು ೧೯೭೪ರಲ್ಲಿ, ಕ್ಯಾಲಿಫೋರ್ನಿಯಾದಿಂದ ಇಜ್ಜತ್‌ನಗರಕ್ಕೆ. ದೂರದಿಂದ ಬಂದ ಅತಿಥಿಗೆ ನೆಂಟರು ಕಡಿಮೆ. ಆದ್ದರಿಂದಲೇ ಇರುವ ನೆಂಟಸ್ತಿಕೆಯನ್ನು ಲೆಕ್ಕವಿಟ್ಟು ಬೆಳೆಸಬೇಕು. ಅಳಿಯ ದಪ್ಪವನ್ನು ನೋಡಿದ್ದನೇ ಹೊರತು ಕುಲವನ್ನು ನೋಡಿರಲಿಲ್ಲ.

ಪಶುವೈದ್ಯರೂ ಅದನ್ನೇ ಹೇಳಿದರು. ಅವನೀಗ ಬೇರೆ ಹಿಂಡಿನ ಗಂಡುಗಳನ್ನು ತಂದು, ಕೆಲವು ದಿನ ದೂರವಿಟ್ಟು ನೋಡಿ, ಆಮೇಲೆ ಸೇರಿಸುತ್ತಾನೆ. ಗೂಡುಗೂಡಿಗೂ ಸಂಖ್ಯೆ ಬರೆದಿದ್ದಾನೆ. ಮೊನ್ನೆ ಹೋದಾಗ ಒಂದು ನೋಟುಪುಸ್ತಕ ತೋರಿಸಿದ, ಲಾವಕ್ಕಿಗಳ ವಂಶಾವಳಿ! ಶಾಸನಗಳಲ್ಲಿ ಅರಸರ ವಂಶಾವಳಿಯನ್ನು ಓದಿದ ನನಗೆ ಅದನ್ನು ಓದುವುದು ಕಷ್ಟವಾಗಲಿಲ್ಲ.